ಹದಿನೇಳು ಕಲ್ಲುಗಳಲ್ಲಿ ದುಡಿಯುವವೆಷ್ಟು?

ಹಳೇ ಜೇಬು ಗಡಿಯಾರ ಮಾರುವವರು ಕಂಪನಿಯ ಹೆಸರಿಗಿಂತ ಮೊದಲು ಕಲ್ಲಿನ ಲೆಕ್ಕ ಹೇಳುತ್ತಾರೆ. ಕೊಯಮತ್ತೂರಿನ ಉಕ್ಕಡಂನಲ್ಲೂ ಅಷ್ಟೇ, ಬೆಂಗಳೂರಿನ ಸಂಡೇ ಬಜಾರಿನಲ್ಲೂ ಅಷ್ಟೇ. 'ಹದಿನೇಳು ಕಲ್ಲು ಸಾರ್' ಎಂದರೆ ಒಂದು ಬೆಲೆ, 'ಇಪ್ಪತ್ತೊಂದು' ಎಂದರೆ ಇನ್ನೊಂದು. ಕೊಳ್ಳುವವರು ಹಿಂಬದಿಯ ಮುಚ್ಚಳ ತೆಗೆಸಿ ನೋಡುತ್ತಾರೆ. ಹಿತ್ತಾಳೆಯ ತಟ್ಟೆಯ ಮೇಲೆ ದಾಳಿಂಬೆ ಕಾಳಿನಂತೆ ಕೆಂಪು ಹರಳುಗಳು ಹೊಳೆಯುತ್ತಿರುತ್ತವೆ. ಅಲ್ಲಿಗೆ ವ್ಯಾಪಾರ ಕುದುರಿದ ಹಾಗೆ. ಆ ಹರಳುಗಳಲ್ಲಿ ಯಾವುದು ದುಡಿಯುತ್ತಿದೆ, ಯಾವುದು ಸುಮ್ಮನೆ ಕುಳಿತಿದೆ ಎಂದು ಕೇಳುವವರು ಕಡಿಮೆ. ಕೇಳಬೇಕಾದ ಪ್ರಶ್ನೆ ಮಾತ್ರ ಅದೇ. ಈ ಪ್ರಶ್ನೆ ಇಂಗ್ಲೆಂಡಿನ ಪಾರ್ಲಿಮೆಂಟಿನ ಬಾಗಿಲು ತಟ್ಟಿದೆ, ಅಮೆರಿಕದ ಸುಂಕದ ಕಾನೂನಿನೊಳಗೆ ಹೊಕ್ಕಿದೆ, ಕೊನೆಗೆ ಒಂದು ಅಂತರರಾಷ್ಟ್ರೀಯ ಮಾನದಂಡವನ್ನೇ ಬರೆಸಿದೆ.

ಇದನ್ನು ಉಕ್ಕಡಂನಲ್ಲಿ ನಿಂತು ಕೇಳುವುದಕ್ಕೆ ಕಾರಣ ಉಂಟು. ಕೊಯಮತ್ತೂರಿನ ಹಳೇ ಪೇಟೆಯ ದಕ್ಷಿಣದ ಅಂಚು ಇದು. ಪೊಳ್ಳಾಚಿಗೂ ಪಾಲಕ್ಕಾಡಿಗೂ ದಾರಿ ಕವಲೊಡೆಯುವುದು ಇಲ್ಲಿ. ಪಕ್ಕದ ದೊಡ್ಡ ಕೆರೆಗೆ, ಅಂದರೆ ಪೆರಿಯಕುಳಕ್ಕೆ, ನೊಯ್ಯಲ್ ಹೊಳೆಯ ನೀರು. ಅದೇ ಹೊಳೆ ಮುಂದೆ ತಿರುಪ್ಪೂರು ದಾಟಿ ಹರಿಯುವ ದಡದಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ಹರಳು ಕೊರೆಯುವವರ ಊರೊಂದಿತ್ತು. ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಪೋದನೂರು ರೈಲ್ವೆ ಜಂಕ್ಷನ್. ಜೇಬು ಗಡಿಯಾರಕ್ಕೂ ರೈಲಿಗೂ ಇರುವ ನಂಟು ಗೊತ್ತಿರುವುದೇ. ಉತ್ತರಕ್ಕೆ ಹೋದರೆ ಮೆಟ್ಟುಪಾಳಯ, ಕೃತಕ ಹರಳಿನ ಕಾರ್ಖಾನೆ ಕಂಡ ಊರು. ಸುತ್ತಲಿನ ದೇವಾಂಗ ನೇಕಾರರ ಮನೆಗಳಲ್ಲಿ, ಒಕ್ಕಲಿಗರ ತೋಟದ ಮನೆಗಳಲ್ಲಿ ಕನ್ನಡ ಇನ್ನೂ ಮನೆಮಾತು. ಹಾಗಾಗಿ ಇದು ನಮ್ಮ ಮನೆಯಂಗಳದ ಮಾತೂ ಹೌದು.

ಮೊದಲು ಕಲ್ಲಿನ ಕೆಲಸ ಏನೆಂದು ನೋಡೋಣ. ಗಡಿಯಾರದ ಪ್ರತಿಯೊಂದು ಚಕ್ರಕ್ಕೂ ಉಕ್ಕಿನ ಅಚ್ಚು. ಅಚ್ಚಿನ ಎರಡೂ ತುದಿಗಳನ್ನು ಸಣ್ಣಗೆ ಮಸೆದು ಹೊಳಪಿಸಿರುತ್ತಾರೆ. ರಿಪೇರಿಯವರು ಇದನ್ನು ಪಿವಟ್ ಎನ್ನುತ್ತಾರೆ. ಪಿವಟ್ ತಿರುಗುವುದು ತಟ್ಟೆಯಲ್ಲಿ ಕೊರೆದ ತೂತಿನಲ್ಲಿ. ಬರೀ ಹಿತ್ತಾಳೆಯ ತೂತಾದರೆ ಎರಡು ತೊಂದರೆ. ಧೂಳಿನ ಕಣ ಮೆತ್ತನೆಯ ಹಿತ್ತಾಳೆಯಲ್ಲಿ ಕಚ್ಚಿಕೊಂಡು ಅರದ ಹಾಗೆ ಉಕ್ಕನ್ನು ತಿನ್ನುತ್ತದೆ. ಮೆತ್ತಗಿದ್ದದ್ದು ಉಳಿದು ಗಟ್ಟಿಯಾದದ್ದು ಸವೆಯುವ ವಿಚಿತ್ರ ಇದು. ಎರಡನೆಯದು, ಹಳೇ ಕಾಲದ ಎಣ್ಣೆ ಹಿತ್ತಾಳೆ ತಗುಲಿ ಹಸಿರುಗಟ್ಟಿ ಅಂಟಾಗುತ್ತದೆ. ಮಾಣಿಕ್ಯ, ನೀಲಮಣಿಗಳಿಗೆ ಈ ಎರಡೂ ರೋಗವಿಲ್ಲ. ಎರಡೂ ಕೊರಂಡಮ್ ಎಂಬ ಒಂದೇ ಖನಿಜ, ಅಲ್ಯುಮಿನಿಯಂ ಆಕ್ಸೈಡ್; ಗಡಸುತನದ ಮೋಸ್ ಅಳತೆಯಲ್ಲಿ 9, ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗೆ. ಕನ್ನಡಿಯಂತೆ ಹೊಳಪು ಹಿಡಿಯುತ್ತದೆ, ತುಕ್ಕಿಲ್ಲ, ಎಣ್ಣೆಯ ತಂಟೆಗೆ ಹೋಗುವುದಿಲ್ಲ. ಕಲ್ಲಿನ ಹೊರಮುಖದಲ್ಲಿ ಬಟ್ಟಲಿನಂಥ ಒಂದು ಕುಳಿ ಇರುತ್ತದೆ. ಎಣ್ಣೆಯ ಹನಿ ಅಲ್ಲಿ ನಿಂತು, ಪಿವಟ್ ಸುತ್ತ ತಾನಾಗಿ ಎಳೆದುಕೊಳ್ಳುತ್ತದೆ. ಹತ್ತಿಯ ಮಿಲ್ಲುಗಳ ಈ ಊರಿನಲ್ಲಿ, 1888ರಲ್ಲಿ ಸ್ಟೇನ್ಸ್ ಮಿಲ್ಲು ಶುರುವಾದ ಮೇಲೆ, ಅಂಗಿಯ ಜೇಬಿಗೆ ಹಿಂಜಿದ ನಾರು ಸೇರದ ದಿನ ಇದ್ದಿರಲಾರದು. ಅಂಥ ಜೇಬಿನಲ್ಲಿ ಕುಳಿತ ಗಡಿಯಾರಕ್ಕೆ ಎಣ್ಣೆ ಹಿಡಿದಿಡುವ ಕಲ್ಲು ಐಷಾರಾಮವೇನೂ ಅಲ್ಲ.

ಆದರೆ ಎಲ್ಲ ಚಕ್ರಗಳೂ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಇಡೀ ವಾದದ ಬೇರು ಇಲ್ಲಿದೆ. ಸಾಮಾನ್ಯ ಜೇಬು ಗಡಿಯಾರದ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಸಲ ಬಡಿಯುತ್ತದೆ, ದಿನಕ್ಕೆ 4,32,000. ಅದರ ಪಿವಟ್‌ನ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. 15 ಹಲ್ಲಿನ ಎಸ್ಕೇಪ್ ಚಕ್ರ ಗಂಟೆಗೆ 600 ಸುತ್ತು ಹಾಕುತ್ತದೆ. ಸೆಕೆಂಡು ಮುಳ್ಳು ಹೊತ್ತ ನಾಲ್ಕನೇ ಚಕ್ರ 60 ಸುತ್ತು, ಮೂರನೆಯದು ಸುಮಾರು ಎಂಟು, ನಿಮಿಷದ ಮುಳ್ಳು ಹೊತ್ತ ನಡುಚಕ್ರ ಒಂದೇ ಸುತ್ತು. ಸ್ಪ್ರಿಂಗ್ ಸುತ್ತಿಕೊಂಡಿರುವ ಬ್ಯಾರೆಲ್ ಇಡೀ ದಿನಕ್ಕೆ ಮೂರು ನಾಲ್ಕು ಸುತ್ತು ತಿರುಗಿದರೆ ಹೆಚ್ಚು. ಅಂದರೆ ಬ್ಯಾಲೆನ್ಸ್‌ನಿಂದ ಬ್ಯಾರೆಲ್ ಕಡೆಗೆ ಹಿಂದಕ್ಕೆ ಹೋದ ಹಾಗೆ ಕಲ್ಲಿನ ಅಗತ್ಯ ತಗ್ಗುತ್ತ ಹೋಗಬೇಕು. ವೇಗವೊಂದೇ ಲೆಕ್ಕವಾಗಿದ್ದರೆ ಮಾತು ಇಲ್ಲಿಗೆ ಮುಗಿಯುತ್ತಿತ್ತು. ನಡುಚಕ್ರ ನಿಧಾನಿಯಾದರೂ ಸ್ಪ್ರಿಂಗಿನ ಒತ್ತಡ ನೇರವಾಗಿ ಬೀಳುವುದು ಅದರ ಮೇಲೆ. ಕಲ್ಲಿಲ್ಲದ ಹಳೇ ಗಡಿಯಾರ ಬಿಚ್ಚಿದರೆ ನಡುಚಕ್ರದ ತೂತು ಒಂದು ಬದಿಗೆ ಜಗ್ಗಿ ಮೊಟ್ಟೆಯಾಕಾರಕ್ಕೆ ತಿರುಗಿರುವುದು ಕಾಣುತ್ತದೆ. ವೇಗ ಮತ್ತು ಒತ್ತಡ ಎರಡನ್ನೂ ತೂಗಿ ನೋಡಿದ ಮೇಲೆಯೇ ಒಂದು ಕಲ್ಲು ದುಡಿಯುತ್ತಿದೆಯೋ ಇಲ್ಲವೋ ಹೇಳಬಹುದು. ಕಲ್ಲಿಗೆ ಕಲ್ಲಿನಿಂದಲೇ ಗೌರವ ಬರುವುದಿಲ್ಲ, ಕುಳಿತ ಜಾಗದಿಂದ ಬರುತ್ತದೆ.

ಅಂಗಡಿಯವರು ಹೇಳುವ ಅಂಕಿಗಳನ್ನು ಈ ಕಣ್ಣಿನಿಂದ ನೋಡಿ. ಬ್ಯಾಲೆನ್ಸ್‌ಗೂ ಎಸ್ಕೇಪ್ ಚಕ್ರಕ್ಕೂ ನಡುವೆ ಲಿವರ್ ಎಂಬ ಸನ್ನೆ ಆಡುವ ಲಿವರ್ ಗಡಿಯಾರದಲ್ಲಿ 7 ಕಲ್ಲು ಎಂದರೆ ಬ್ಯಾಲೆನ್ಸ್‌ನ ಎರಡು ತುದಿಗೆ ಎರಡು ತೂತಿನ ಕಲ್ಲು, ಅವುಗಳ ಮೇಲೆ ಅಚ್ಚಿನ ಮೊನೆ ನಿಲ್ಲಲು ಎರಡು ಮುಚ್ಚಳದ ಕಲ್ಲು, ಬ್ಯಾಲೆನ್ಸ್‌ಗೂ ಲಿವರಿಗೂ ಸಂಪರ್ಕ ಕೊಡುವ ಒಂದು ಪಿನ್ ಕಲ್ಲು, ಎಸ್ಕೇಪ್ ಚಕ್ರದ ಹಲ್ಲು ಹಿಡಿದು ಬಿಡುವ ಎರಡು ಪ್ಯಾಲೆಟ್ ಕಲ್ಲು. ಈ ಏಳೂ ಹಗಲಿರುಳು ದುಡಿಯುವಂಥವು. ಲಿವರ್, ಎಸ್ಕೇಪ್, ನಾಲ್ಕನೇ, ಮೂರನೇ ಚಕ್ರಗಳ ಎರಡೂ ತುದಿಗೆ ಕೊಟ್ಟರೆ ಎಂಟು ಸೇರಿ 15. ನಡುಚಕ್ರಕ್ಕೆ ಎರಡು ಕೊಟ್ಟರೆ 17. ಲಿವರಿಗೂ ಎಸ್ಕೇಪ್ ಚಕ್ರಕ್ಕೂ ಮುಚ್ಚಳದ ಕಲ್ಲು ಹಾಕಿದರೆ 21. ಬ್ಯಾರೆಲ್‌ಗೂ ಹಾಕಿದರೆ 23.

ಇದರ ನಡುವೆ 11 ಎಂಬ ಅಂಕಿಯೊಂದಿದೆ. ನನ್ನ ಮಟ್ಟಿಗೆ ಜೇಬು ಗಡಿಯಾರದ ಚರಿತ್ರೆಯಲ್ಲಿ ಅತ್ಯಂತ ಚಾಲಾಕಿನ ಅಂಕಿ ಅದು. ಏಳರ ಜೊತೆಗೆ ನಾಲ್ಕು ಚಕ್ರಗಳ ಮೇಲಿನ ತುದಿಗೆ ಮಾತ್ರ ಕಲ್ಲು. ಕೆಳಗಿನ ತುದಿ, ಅಂದರೆ ಡಯಲಿನ ಮರೆಯಲ್ಲಿರುವುದು, ಬರೀ ಹಿತ್ತಾಳೆ. ಮುಚ್ಚಳ ತೆಗೆದು ನೋಡುವವನಿಗೆ 15 ಕಲ್ಲಿನ ಗಡಿಯಾರಕ್ಕೂ 11ರದ್ದಕ್ಕೂ ವ್ಯತ್ಯಾಸವೇ ಕಾಣದು. ಆ ನಾಲ್ಕು ಕಲ್ಲುಗಳು ಸುಳ್ಳಲ್ಲ. ಪಿವಟ್ ಅವುಗಳಲ್ಲೇ ತಿರುಗುತ್ತದೆ, ಸವೆತವನ್ನೂ ತಡೆಯುತ್ತವೆ. ಆದರೆ ಒಂದೇ ಅಚ್ಚಿನ ಒಂದು ತುದಿ ಹಿತ್ತಾಳೆಯಲ್ಲಿ ಸವೆಯುತ್ತಿರುವಾಗ ಇನ್ನೊಂದು ತುದಿಗೆ ಮಾತ್ರ ಮಾಣಿಕ್ಯ ಕೊಟ್ಟದ್ದು ಯಾರಿಗಾಗಿ? ಗ್ರಾಹಕನ ಕಣ್ಣಿಗಾಗಿ. ಕೆಲಸ ಮತ್ತು ಅಲಂಕಾರ ಒಂದೇ ಕಲ್ಲಿನಲ್ಲಿ ಹೀಗೆ ಅರ್ಧರ್ಧ ಹಂಚಿಕೊಂಡ ಗಡಿಯಾರಗಳನ್ನು ಅಮೆರಿಕದ ದೊಡ್ಡ ಕಾರ್ಖಾನೆಗಳು 19ನೇ ಶತಮಾನದಲ್ಲಿ ಲಕ್ಷಗಟ್ಟಲೆ ಮಾರಿದವು.

ಮೊದಲ ಜಗಳ ಮಾತ್ರ ಅದಕ್ಕಿಂತ ಬಹಳ ಹಳೆಯದು. ಸ್ವಿಟ್ಜರ್ಲೆಂಡ್ ಮೂಲದ ಗಣಿತಜ್ಞ ನಿಕೊಲಾ ಫಾಟಿಯೊ ದ ಡ್ವಿಲಿಯೆ ಲಂಡನ್ನಿನಲ್ಲಿದ್ದ, ನ್ಯೂಟನ್ನಿನ ಗೆಳೆಯ. ಹರಳಿಗೆ ಅತಿ ಸಣ್ಣ ತೂತು ಕೊರೆಯುವ ವಿದ್ಯೆ ಅವನಿಗೆ ಒಲಿದಿತ್ತು. ಪೀಟರ್ ಮತ್ತು ಜೇಕಬ್ ಡಿಬೌಫ್ರೆ ಎಂಬ ಗಡಿಯಾರ ಕುಶಲಿಗಳ ಜೊತೆ ಸೇರಿ 1704ರಲ್ಲಿ 14 ವರ್ಷಗಳ ಪೇಟೆಂಟ್ ಪಡೆದ. ಅದನ್ನು ವಿಸ್ತರಿಸಿಕೊಡಿ ಎಂದು ಅವರು ಪಾರ್ಲಿಮೆಂಟಿಗೆ ಹೋದಾಗ ಲಂಡನ್ನಿನ ಗಡಿಯಾರ ತಯಾರಕರ ಸಂಘ ಅಡ್ಡ ನಿಂತಿತು. ಹರಳು ಕೂರಿಸುವುದು ಹೊಸದೇನಲ್ಲ ಎಂದು ತೋರಿಸಲು ಸಂಘ ಹಿಡಿದು ತಂದದ್ದು ಇಗ್ನೇಷಿಯಸ್ ಹಗಫರ್ಡ್ ಎಂಬಾತ ಮಾಡಿದ ಒಂದು ಹಳೇ ಗಡಿಯಾರ. ಅದರ ಬ್ಯಾಲೆನ್ಸ್ ಚಕ್ರದ ಮೇಲಿನ ಕೊಂಡಿಯಲ್ಲಿ ನಿಜಕ್ಕೂ ಬಣ್ಣದ ಕಲ್ಲೊಂದಿತ್ತು. ವಿಸ್ತರಣೆ ಸಿಗಲಿಲ್ಲ. ಸಂಘ ಆ ಗಡಿಯಾರವನ್ನು ಕೊಂಡು ಜೋಪಾನವಾಗಿ ಇಟ್ಟುಕೊಂಡಿತು. ಬಹುಕಾಲದ ಮೇಲೆ ಬಿಚ್ಚಿ ನೋಡಿದಾಗ ಗೊತ್ತಾದದ್ದು: ಆ ಕಲ್ಲಿಗೂ ಅಚ್ಚಿಗೂ ಸಂಬಂಧವೇ ಇಲ್ಲ. ಅದು ಅಂದಕ್ಕೆ ಅಂಟಿಸಿದ ಹರಳು. ಕೆಲಸದ ಕಲ್ಲಿನ ಪೇಟೆಂಟನ್ನು ಸೋಲಿಸಿದ್ದು ಒಂದು ಅಲಂಕಾರದ ಕಲ್ಲು.

ತೂತು ಕೊರೆಯುವುದೇ ಹೊಸತು ಎಂದು ಫಾಟಿಯೊ ಹೇಳಿದ್ದರೆ ಅದನ್ನು ಸುಳ್ಳು ಮಾಡಲು ನೊಯ್ಯಲ್ ದಡದ ಕೊಡುಮಣಲ್ ಸಾಕಾಗಿತ್ತು. ಇಂದಿನ ಈರೋಡು ಜಿಲ್ಲೆಯಲ್ಲಿರುವ ಈ ಊರಿನಲ್ಲಿ 1985ರಿಂದ ನಡೆದ ಉತ್ಖನನಗಳಲ್ಲಿ ಬೆರಿಲ್, ನೀಲಮಣಿ, ಸ್ಫಟಿಕ, ಅಗೇಟ್‌ಗಳ ಮಣಿಗಳು ಸಿಕ್ಕಿವೆ. ಮಾಡಿ ಮುಗಿಸಿದವು, ಅರ್ಧಕ್ಕೆ ಬಿಟ್ಟವು, ಕೊರೆಯುವಾಗ ಒಡೆದವು ಎಲ್ಲ ಸೇರಿ. ಆ ಕಾಲದ ರೋಮ್ ಕೊಂಗುನಾಡಿನ, ಅಂದರೆ ಕೊಯಮತ್ತೂರಿನ ಸುತ್ತಲಿನ ಈ ಸೀಮೆಯ, ಬೆರಿಲ್‌ಗೆ ಬಾಯಿಬಿಡುತ್ತಿತ್ತು. ಕಾಂಗೇಯಂ ಹತ್ತಿರದ ಪಡಿಯೂರಿನ ನೀಲಿಹಸಿರು ಬೆರಿಲ್ 19ನೇ ಶತಮಾನದ ಆರಂಭದಲ್ಲಿ ಇಂಗ್ಲಿಷರ ಕಣ್ಣಿಗೂ ಬಿತ್ತು. ಮಣಿಗೆ ದಾರ ಹೋದರೆ ಸಾಕು; ಗಡಿಯಾರದ ಕಲ್ಲಿಗೆ ಕೂದಲಿಗಿಂತ ತುಸುವೇ ದಪ್ಪದ ಪಿವಟ್ ಅಲುಗಾಡದೆ ತಿರುಗಬೇಕು, ತೂತಿನ ಒಳಗೋಡೆ ಹೊಳಪಾಗಿರಬೇಕು, ಅಂಚು ಉರುಟಾಗಿರಬೇಕು. ಫಾಟಿಯೊ ಕೊಟ್ಟದ್ದು ಈ ನಯ. ಆ ಗುಟ್ಟನ್ನು ಇಂಗ್ಲಿಷರು 18ನೇ ಶತಮಾನದ ಬಹುಪಾಲು ಕಾಲ ತಮ್ಮಲ್ಲೇ ಇಟ್ಟುಕೊಂಡರು. ಸಮುದ್ರದಲ್ಲಿ ರೇಖಾಂಶ ಕಂಡುಹಿಡಿಯಲು ಜಾನ್ ಹ್ಯಾರಿಸನ್ 1759ರಲ್ಲಿ ಮುಗಿಸಿದ ನಾಲ್ಕನೇ ಗಡಿಯಾರದಲ್ಲಿ ಮಾಣಿಕ್ಯದ ಕಲ್ಲುಗಳಿದ್ದವು, ಪ್ಯಾಲೆಟ್‌ಗಳಂತೂ ವಜ್ರದವು. ಅವನು ಯಾರಿಗೂ ತೋರಿಸಲು ಹಾಕಿದ್ದಲ್ಲ. ಸವೆತ ಮತ್ತು ಎಣ್ಣೆಯ ಕಾಟದಿಂದ ಪಾರಾಗಲು ಅವನಿಗೆ ಬೇರೆ ದಾರಿ ಇರಲಿಲ್ಲ.

ಅದೇ ಶತಮಾನದ ಸಾಧಾರಣ ಇಂಗ್ಲಿಷ್ ಗಡಿಯಾರ ಬಿಚ್ಚಿದರೆ ಬೇರೆಯೇ ಕತೆ. ಬ್ಯಾಲೆನ್ಸ್ ಕೊಂಡಿಯ ನೆತ್ತಿಯ ಮೇಲೆ ದೊಡ್ಡ ವಜ್ರ ಅಥವಾ ಗಾರ್ನೆಟ್, ಸುತ್ತ ಬಳ್ಳಿ ಕೆತ್ತನೆ. ಅಚ್ಚಿನ ಮೇಲ್ತುದಿ ಆ ವಜ್ರಕ್ಕೆ ಮುಟ್ಟುತ್ತದೆ, ಕೆಲಸ ಉಂಟು. ಕೆಳತುದಿ ಎಷ್ಟೋ ಸಲ ಬರೀ ಲೋಹದ ಮೇಲೆ. ಗಡಿಯಾರ ಜೇಬಿನಲ್ಲಿ ನೆಟ್ಟಗೆ ನಿಂತಿರುವಾಗ ಆ ವಜ್ರದ ಮೇಲೆ ಭಾರವೇ ಇಲ್ಲ. ರಾತ್ರಿ ಮೇಜಿನ ಮೇಲೆ ಡಯಲ್ ಕೆಳಗಾಗಿ ಮಲಗಿಸಿದರೂ ಭಾರ ಬೀಳುವುದು ಡಯಲಿನ ಕಡೆಯ ಲೋಹದ ಮೇಲೆ, ವಜ್ರ ಆರಾಮಾಗಿ ಆಕಾಶ ನೋಡುತ್ತಿರುತ್ತದೆ. ಡಯಲ್ ಮೇಲೆ ಮಾಡಿ ಮಲಗಿಸಿದಾಗ ಮಾತ್ರ ಅದಕ್ಕೆ ದುಡಿಮೆ.

19ನೇ ಶತಮಾನದ ಮೊದಲ ದಶಕಗಳಲ್ಲಿ ಲಿವರ್‌ಪೂಲಿನ ಕುಶಲಿಗಳು ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರ ಗಡಿಯಾರಗಳ ಕಲ್ಲುಗಳು ಅಗತ್ಯಕ್ಕಿಂತ ಎಷ್ಟೋ ಪಟ್ಟು ದೊಡ್ಡವು, ತಿಳಿಬಣ್ಣದವು, ಅವುಗಳ ಮೂಲಕ ಒಳಗಿನ ಅಚ್ಚೇ ಕಾಣುವಷ್ಟು ಪಾರದರ್ಶಕ. ಸಂಗ್ರಾಹಕರು ಅವನ್ನು 'ಲಿವರ್‌ಪೂಲ್ ಕಿಟಕಿಗಳು' ಎಂದೇ ಕರೆಯುತ್ತಾರೆ. ತೂತು ಸಣ್ಣದೇ, ಪಿವಟ್ ಅದರಲ್ಲೇ ತಿರುಗುತ್ತದೆ. ಸುತ್ತಲಿನ ಹರಳಿನ ಹರವು ಮಾತ್ರ ಪೂರ್ತಿ ವೈಭವ. ಇದನ್ನು ಮೋಸ ಎನ್ನಲು ನನಗೆ ಮನಸ್ಸಿಲ್ಲ. ಕೊಂಡವನಿಗೆ ಏನು ಕೊಂಡೆ ಎಂದು ಕಣ್ಣಿಗೇ ಕಾಣುತ್ತಿತ್ತು.

ಕಲ್ಲಿನ ಸುತ್ತ ಚಿನ್ನದ ಉಂಗುರ ಹಾಕಿ, ಆ ಉಂಗುರವನ್ನು ಪುಟ್ಟ ತಿರುಪುಗಳಿಂದ ತಟ್ಟೆಗೆ ಬಿಗಿಯುವ ಪದ್ಧತಿಯದ್ದು ಇನ್ನೂ ಸ್ವಾರಸ್ಯದ ಸಂಗತಿ. ನಿಸರ್ಗದ ಹರಳನ್ನು ಕರಾರುವಾಕ್ಕಾದ ಒಂದೇ ಅಳತೆಗೆ ತರುವುದು ಕಷ್ಟವಿದ್ದ ಕಾಲದಲ್ಲಿ ಮೆತ್ತನೆಯ ಚಿನ್ನದ ಅಂಚನ್ನು ಕಲ್ಲಿನ ಮೇಲೆ ಒತ್ತಿ ಕೂರಿಸಿ, ಉಂಗುರವನ್ನು ಅಳತೆಗೆ ತಿರುವಿಕೊಳ್ಳುತ್ತಿದ್ದರು. ಕಲ್ಲು ಸೀಳಿದರೆ ಉಂಗುರದ ಸಮೇತ ತೆಗೆದು ಬದಲಿಸಬಹುದಿತ್ತು. ಕೊಯಮತ್ತೂರಿನ ರಾಜಾ ಬೀದಿಯ ಚಿನ್ನದ ಕೆಲಸದವರಿಗೆ ಹೇಳಿದರೆ ಕಲ್ಲು ಕಟ್ಟುವ ತಮ್ಮ ಕೆಲಸವೇ ಎಂದು ತಕ್ಷಣ ಗುರುತಿಸಿಯಾರು. 20ನೇ ಶತಮಾನದಲ್ಲಿ ಕಲ್ಲುಗಳನ್ನು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಮಸೆಯುವುದು ಸಾಧ್ಯವಾಯಿತು. ಆಮೇಲೆ ನೇರವಾಗಿ ತಟ್ಟೆಯ ತೂತಿಗೆ ಒತ್ತಿ ಕೂರಿಸತೊಡಗಿದರು. ಚಿನ್ನದ ಉಂಗುರಕ್ಕೆ ಕೆಲಸ ಹೋಯಿತು. ಜರ್ಮನಿಯ ಗ್ಲಾಸ್‌ಹ್ಯೂಟೆಯ ದುಬಾರಿ ಗಡಿಯಾರಗಳಲ್ಲಿ ಅದು ಇವತ್ತಿಗೂ ಉಳಿದಿದೆ, ಶುದ್ಧ ಅಲಂಕಾರವಾಗಿ. 1880ರಲ್ಲಿ ಉಪಯೋಗವಾಗಿದ್ದದ್ದು ಇಂದು ಆಭರಣ. ಹಾಗಾಗಿ ಹಳೇ ಯಂತ್ರವನ್ನು ಇಂದಿನ ಅಳತೆಗೋಲಿನಿಂದ ಅಳೆದು 'ಇದು ಸುಮ್ಮನೆ ಶೋಕಿಗೆ' ಎನ್ನುವವರ ಮಾತನ್ನು ನಂಬಬೇಡಿ.

ಇನ್ನು ರೈಲು. ಮದ್ರಾಸಿನಿಂದ ಪಶ್ಚಿಮ ಕರಾವಳಿಗೆ ಹೋದ ಮದ್ರಾಸ್ ರೈಲ್ವೆಯ ಹಾದಿಯಲ್ಲಿ ಪೋದನೂರು ಜಂಕ್ಷನ್ನಾಯಿತು. 1873ರಲ್ಲಿ ಅಲ್ಲಿಂದ ಕೊಯಮತ್ತೂರಿನ ಮೂಲಕ ಮೆಟ್ಟುಪಾಳಯಕ್ಕೆ ಕವಲು ಹೊರಟಿತು. ಗಾರ್ಡುಗಳು, ಸ್ಟೇಷನ್ ಮಾಸ್ತರರು ಜೇಬು ಗಡಿಯಾರ ನೋಡಿ ಹಸಿರು ಬಾವುಟ ಬೀಸುತ್ತಿದ್ದ ಕಾಲ. ಅವರ ಗಡಿಯಾರಗಳ ಬಹುಪಾಲು ಯಂತ್ರ ಇಂಗ್ಲೆಂಡ್ ಅಥವಾ ಸ್ವಿಟ್ಜರ್ಲೆಂಡಿನದು. ಡಯಲಿನ ಮೇಲಿನ ಹೆಸರು ಮಾತ್ರ ಮದ್ರಾಸಿನ ಪಿ. ಆರ್ ಅಂಡ್ ಸನ್ಸ್, ಮುಂಬಯಿಯ ವೆಸ್ಟ್ ಎಂಡ್ ಇತ್ಯಾದಿ. ರೈಲ್ವೆಗೂ ಕಲ್ಲಿನ ಎಣಿಕೆಗೂ ಗಂಟು ಹಾಕಿದ್ದು ಅಮೆರಿಕ. 1891ರಲ್ಲಿ ಒಹಾಯೊದ ಕಿಪ್ಟನ್ ಬಳಿ ಎರಡು ರೈಲು ಡಿಕ್ಕಿ ಹೊಡೆದವು. ಒಬ್ಬ ನೌಕರನ ಗಡಿಯಾರ ನಾಲ್ಕು ನಿಮಿಷ ನಿಂತು ಮತ್ತೆ ನಡೆದದ್ದೇ ಕಾರಣ ಎಂಬುದು ಅಂದಿನಿಂದ ಹೇಳಿಕೊಂಡು ಬಂದ ಮಾತು. ತನಿಖೆಯ ಹೊಣೆ ಹೊತ್ತ ವೆಬ್ ಸಿ. ಬಾಲ್ ಎಂಬ ಗಡಿಯಾರ ವ್ಯಾಪಾರಿಯ ಒತ್ತಾಯದಿಂದ ಕ್ರಮೇಣ ಅಲ್ಲಿನ ರೈಲ್ವೆಗಳು ಕಟ್ಟುನಿಟ್ಟಿನ ನಿಯಮ ಒಪ್ಪಿಕೊಂಡವು: ಕನಿಷ್ಠ 17 ಕಲ್ಲು, ಐದು ಭಂಗಿಗಳಲ್ಲಿ ಸರಿಪಡಿಸಿರಬೇಕು, ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ತಪ್ಪಬಾರದು.

ಒಳ್ಳೆಯ ನಿಯಮವೇ. ಆದರೆ ಅದರಲ್ಲಿ ಸುಲಭವಾಗಿ ನಕಲು ಮಾಡಬಹುದಾದದ್ದು ಕಲ್ಲಿನ ಸಂಖ್ಯೆಯೊಂದೇ. ಐದು ಭಂಗಿಗಳಲ್ಲಿ ಸರಿಪಡಿಸಲು ಕೆಲಸಗಾರನ ದಿನಗಳು ಬೇಕು. 23 ಎಂದು ಕೆತ್ತಲು ಒಂದು ಅಚ್ಚು ಸಾಕು. ಹಾಗಾಗಿ ಸ್ವಿಟ್ಜರ್ಲೆಂಡಿನ ಅಗ್ಗದ ಕಾರ್ಖಾನೆಗಳಿಂದ ಅಮೆರಿಕದ ಹೆಸರಿನಂತೆ ಕೇಳಿಸುವ ಹೆಸರು ಹೊತ್ತ, ಡಯಲಿನ ಮೇಲೆ ಎಂಜಿನ್ ಚಿತ್ರವಿದ್ದ, ತಟ್ಟೆಯ ಮೇಲೆ ಕಲ್ಲಿನ ದೊಡ್ಡ ಸಂಖ್ಯೆ ಬರೆದುಕೊಂಡ ಗಡಿಯಾರಗಳು ಹರಿದುಬಂದವು. ಒಳಗೆ ನೋಡಿದರೆ ತೂತೇ ಇಲ್ಲದ ಕೆಂಪು ಗಾಜಿನ ತುಣುಕು, ತಿರುಪಿನ ಪಕ್ಕ ಸುಮ್ಮನೆ ಒತ್ತಿದ ಗಾರ್ನೆಟ್. ನಿಜವಾದ ಮೋಸ ಅಂದರೆ ಇದು. ಲಿವರ್‌ಪೂಲಿನ ಕಿಟಕಿಯನ್ನೂ ಇದನ್ನೂ ಒಂದೇ 'ಅಲಂಕಾರ' ಎಂಬ ಪಟ್ಟಿಗೆ ಸೇರಿಸುವುದು ಅನ್ಯಾಯ.

ಅಮೆರಿಕದ ಉತ್ತಮ ಕಾರ್ಖಾನೆಗಳೂ ಈ ಸಂಖ್ಯೆಯ ಓಟದಿಂದ ಹೊರಗಿರಲಿಲ್ಲ. 21ರಿಂದ 23ಕ್ಕೆ ಏರಿಸಿದ ಬ್ಯಾರೆಲ್ ಕಲ್ಲುಗಳ ಬಗ್ಗೆ ಸಂಗ್ರಾಹಕರು ಇಂದಿಗೂ ಕಿತ್ತಾಡುತ್ತಾರೆ. ಸ್ಪ್ರಿಂಗಿನ ಎಳೆತವೆಲ್ಲ ಅಲ್ಲೇ, ಆದ್ದರಿಂದ ಒತ್ತಡ ಹೆಚ್ಚು ಎಂಬುದು ಒಂದು ಪಕ್ಷ. ದಿನಕ್ಕೆ ಮೂರು ನಾಲ್ಕು ಸುತ್ತಿಗೆ ಮಾಣಿಕ್ಯ ಬೇಕೆ ಎಂಬುದು ಇನ್ನೊಂದು. ಎರಡನೆಯವರ ಮಾತೇ ನನಗೆ ಸರಿಕಾಣುತ್ತದೆ. ಬ್ಯಾರೆಲ್‌ನ ಅಚ್ಚು ದಪ್ಪ, ಹಿತ್ತಾಳೆಯಲ್ಲಿಯೂ ನೂರು ವರ್ಷ ನಡೆದಿರುವುದನ್ನು ನೋಡಬಹುದು. ಅಲ್ಲಿ ಕಲ್ಲು ಕೆಲಸ ಮಾಡುತ್ತದೆ, ನಿಜ; ಆದರೆ ಆ ಕೆಲಸಕ್ಕೆ ಅದರ ಅಗತ್ಯವಿರಲಿಲ್ಲ.

ಕಲ್ಲೇ ಇಲ್ಲದ ಗಡಿಯಾರಗಳ ಮಾತು ಎತ್ತದೆ ಈ ಸಮೀಕ್ಷೆ ಪೂರ್ತಿಯಾಗದು. 1867ರಲ್ಲಿ ಜಾರ್ಜ್ ಫ್ರೆಡರಿಕ್ ರಾಸ್ಕೋಫ್ ಕೂಲಿಕಾರರಿಗೆಂದು 20 ಫ್ರಾಂಕಿನ ಜೇಬು ಗಡಿಯಾರ ತಂದ. ಅದರಲ್ಲಿ ಪ್ಯಾಲೆಟ್ ಹರಳುಗಳ ಬದಲು ಉಕ್ಕಿನ ಪಿನ್ನುಗಳು. 1896ರಲ್ಲಿ ಇಂಗರ್‌ಸಾಲ್ ಕಂಪನಿ ಒಂದು ಡಾಲರಿಗೆ 'ಯಾಂಕಿ' ಮಾರಿತು, ಅದರಲ್ಲಿ ಒಂದು ಕಲ್ಲೂ ಇರಲಿಲ್ಲ. ಗಾಂಧೀಜಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ ಗಡಿಯಾರಗಳಲ್ಲಿ ಇಂಗರ್‌ಸಾಲ್ ಒಂದು. ಸಮಯಪಾಲನೆಯ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನವರು ಯಾರಿದ್ದರು? ಕಲ್ಲಿಲ್ಲದ ಗಡಿಯಾರವೂ ಸಮಯ ತೋರಿಸುತ್ತದೆ, ಆದರೆ ಬೇಗ ಸವೆಯುತ್ತದೆ. ಸವೆದಾಗ ರಿಪೇರಿಗೆ ಬದಲು ಹೊಸದು ಕೊಳ್ಳುವುದೇ ಅಗ್ಗ. ಹಳೇ ಸಾಮಾನಿನ ಅಂಗಡಿಗಳಲ್ಲಿ ನಡೆಯುವ ರಾಸ್ಕೋಫ್‌ಗಿಂತ ನಿಂತ ರಾಸ್ಕೋಫ್‌ಗಳೇ ಹೆಚ್ಚು ಎನ್ನುವುದಕ್ಕೆ ಕಾರಣ ಇದು.

ಕಲ್ಲು ಅಗ್ಗವಾದದ್ದು ಬಣ್ಣದ ಕತೆಯೂ ಹೌದು. ಕಾಂಗೇಯಂ ಪಕ್ಕದ ಶಿವನ್‌ಮಲೈ ಬೆಟ್ಟದ ಬಂಡೆಗಳಲ್ಲಿ ಕೊರಂಡಮ್ ಹರಳುಗಟ್ಟಿದೆ. ಭೂಗರ್ಭ ಇಲಾಖೆಯ ಟಿ.ಎಚ್. ಹಾಲೆಂಡ್ 1901ರಲ್ಲಿ ಈ ಶಿಲೆಗಳ ಮೇಲೆ ಒಂದು ಇಡೀ ಗ್ರಂಥ ಬರೆದರು. ನಮ್ಮ ಕಡೆ ಮದ್ದೂರು, ಚನ್ನಪಟ್ಟಣ, ಪಾವಗಡದ ಸುತ್ತ, ದಕ್ಷಿಣ ಕನ್ನಡದ ಸುಬ್ರಹ್ಮಣ್ಯದ ಕಾಡಿನಲ್ಲಿ ಕೊರಂಡಮ್ ಉಂಟು. ಆದರೆ ಇದರ ಬಹುಪಾಲು ಮಬ್ಬು, ಮಸುಕು. ಸಾಣೆಗೆ ಒಳ್ಳೆಯದು, ಗಡಿಯಾರಕ್ಕಲ್ಲ. ಗಡಿಯಾರದ ಹಳೇ ಕಲ್ಲುಗಳು ಬರ್ಮಾ, ಸಿಲೋನಿನ ಹರಳುಗಳು. ಅವುಗಳ ಬಣ್ಣ ತಿಳಿಗುಲಾಬಿ, ಕೆಲವು ಹೆಚ್ಚುಕಡಿಮೆ ಬಿಳಿ. ಆಭರಣಕ್ಕೆ ಒಪ್ಪದ ಮಸುಕಾದವೇ ಗಡಿಯಾರಕ್ಕೆ ಹೋಗುತ್ತಿದ್ದವು. 1902ರಲ್ಲಿ ಪ್ಯಾರಿಸ್ಸಿನ ಒಗ್ಯುಸ್ತ್ ವರ್ನೂಯಿ ಅಲ್ಯುಮಿನಾ ಪುಡಿಯನ್ನು ಜಲಜನಕ-ಆಮ್ಲಜನಕದ ಜ್ವಾಲೆಯಲ್ಲಿ ಕರಗಿಸಿ ಹನಿಹನಿಯಾಗಿ ಹರಳು ಬೆಳೆಸುವ ವಿಧಾನ ಪ್ರಕಟಿಸಿದ. ಅದರಲ್ಲಿ ತುಸು ಕ್ರೋಮಿಯಂ ಬೆರೆಸಿದರೆ ಕಡುಕೆಂಪು, ಬೆರೆಸದಿದ್ದರೆ ನೀರಿನಂಥ ಬಿಳಿ. ಸವೆತದ ವಿಚಾರಕ್ಕೆ ಎರಡೂ ಒಂದೇ. ಹಾಗಿದ್ದರೂ ಗಡಿಯಾರದ ಕಲ್ಲು ಕೆಂಪಾಗಿಯೇ ಉಳಿಯಿತು. ಚಿಮಟದಲ್ಲಿ ಹಿಡಿದು ಕೂರಿಸುವವನಿಗೆ ಕೆಂಪು ಚೆನ್ನಾಗಿ ಕಾಣುತ್ತದೆ ಎಂಬ ಸಮರ್ಥನೆ ಇದೆ. ಕೊಳ್ಳುವವನಿಗೂ ಚೆನ್ನಾಗಿ ಕಾಣುತ್ತದೆ ಎನ್ನುವುದೇ ದೊಡ್ಡ ಕಾರಣ ಎಂದು ನನ್ನ ಅನುಮಾನ. ಹೀಗೆ ಅತ್ಯಂತ ದುಡಿಯುವ ಬ್ಯಾಲೆನ್ಸ್ ಕಲ್ಲಿನಲ್ಲಿಯೂ ಕೆಂಪೆಂಬುದು ಅಲಂಕಾರದ ಪಾಲು.

ಸ್ವಾತಂತ್ರ್ಯದ ನಂತರ ಮೆಟ್ಟುಪಾಳಯದಲ್ಲಿ ಇಂಡೋ-ಸ್ವಿಸ್ ಸಿಂಥೆಟಿಕ್ ಜೆಮ್ ಕಂಪನಿ ಕೃತಕ ಹರಳು ಬೆಳೆಸಿತು. ತಿರುಚ್ಚಿಯಲ್ಲಿ ಇಂಥ ಹರಳನ್ನು ಕತ್ತರಿಸಿ ಒಡವೆಯ ಕಲ್ಲಾಗಿಸುವ ಮನೆಕಸುಬು ಮೊದಲಿನಿಂದಲೂ ಇತ್ತು. ಮೂಗುತಿಯ ಕೆಂಪು ಹರಳೂ ಗಡಿಯಾರದ ಪಿವಟ್ ಹೊತ್ತ ಹರಳೂ ಒಂದೇ ಜಾತಿಯ ಜ್ವಾಲೆಯಿಂದ ಹುಟ್ಟಿದವು ಎಂಬುದು ಕೊಂಗುನಾಡಿನಲ್ಲಿ ಕುಳಿತು ಯೋಚಿಸಿದರೆ ಬೇಗ ಅರ್ಥವಾಗುತ್ತದೆ.

ಕಲ್ಲು ಅಗ್ಗವಾದ ಮೇಲೂ 17 ಎಂಬ ಅಂಕಿ ಯಾಕೆ ಅಷ್ಟು ಗಟ್ಟಿಯಾಗಿ ನಿಂತಿತು? ಯಂತ್ರದ ತರ್ಕ ಅರ್ಧ ಕಾರಣ, ಇನ್ನರ್ಧ ಸುಂಕ. 1930ರ ಅಮೆರಿಕದ ಸುಂಕ ಕಾಯಿದೆ 17ಕ್ಕಿಂತ ಹೆಚ್ಚು ಕಲ್ಲಿನ ಪ್ರತಿ ಯಂತ್ರಕ್ಕೆ 10.75 ಡಾಲರ್ ಹೇರಿತು. ತಮ್ಮ ದೇಶದ ಕಾರ್ಖಾನೆಗಳ 21, 23 ಕಲ್ಲಿನ ಗಡಿಯಾರಗಳಿಗೆ ಅದು ಬೇಲಿ. ಅಮೆರಿಕಕ್ಕೆ ಮಾರುವ ಸ್ವಿಸ್ ಕಂಪನಿಗಳು 17ಕ್ಕೆ ನಿಂತವು, ಆ ರೂಢಿ ಲೋಕಕ್ಕೆಲ್ಲ ಹಬ್ಬಿತು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರ ಮಾಡತೊಡಗಿದಾಗ ಡಯಲಿನ ಮೇಲೆ ಕಂಡದ್ದು '17 ಜ್ಯುವೆಲ್ಸ್' ಎಂದೇ. ಮುಂದೆ ಅದು ಮಾಡಿದ ಜೇಬು ಗಡಿಯಾರದಲ್ಲೂ ಅಷ್ಟೇ. ಈ 17ರಲ್ಲಿ ಸುಮ್ಮನೆ ಕುಳಿತ ಕಲ್ಲು ಒಂದೂ ಇಲ್ಲ. ಜಾಹೀರಾತಿನ ಅಬ್ಬರವಿಲ್ಲದೆ ಸರಕಾರಿ ಕಾರ್ಖಾನೆಯೊಂದು ಬಿಗಿಯಾಗಿ ನ್ಯಾಯ ಪಾಲಿಸಿದ ಉದಾಹರಣೆ ಬೇಕಿದ್ದರೆ ಇದನ್ನು ಕೊಡಬಹುದು.

ಅದೇ 1960ರ ದಶಕದಲ್ಲಿ ಬೇರೆಡೆ ಹುಚ್ಚು ನೆತ್ತಿಗೇರಿತ್ತು. ವಾಲ್ತಮ್ ಹೆಸರಿನ 100 ಕಲ್ಲಿನ ಕೈಗಡಿಯಾರ ಬಂತು. 17 ದುಡಿಯುತ್ತಿದ್ದವು, ಉಳಿದ 83 ತಾನಾಗಿ ಕೀಲಿ ಕೊಟ್ಟುಕೊಳ್ಳುವ ತೂಕದ ಅಂಚಿನಲ್ಲಿ ಸಾಲಾಗಿ ಕುಳಿತಿದ್ದವು. ಇಂಥವಕ್ಕೆ ಕಡಿವಾಣ ಹಾಕಲೆಂದೇ 1974ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 1112 ಬಂತು. ತಾಗುವ ಮೈಗಳ ಘರ್ಷಣೆಯನ್ನು ಸ್ಥಿರವಾಗಿಟ್ಟು ಸವೆತ ತಗ್ಗಿಸುವ ಕಲ್ಲು ಮಾತ್ರ ಕೆಲಸದ್ದು, ಎಣಿಕೆಗೆ ಅದೊಂದೇ ಬರಬೇಕು ಎಂಬುದು ಅದರ ಸಾರ. ಒಳ್ಳೆಯದೇ, ಆದರೆ ಬಂದದ್ದು ತಡವಾಗಿ. ಕ್ವಾರ್ಟ್ಜ್ ಆಗಲೇ ಮಾರುಕಟ್ಟೆಗೆ ಕಾಲಿಟ್ಟಿತ್ತು. 1980ರ ದಶಕದಲ್ಲಿ ಹೊಸೂರಿನಲ್ಲಿ ಟೈಟನ್ ಶುರುವಾದಾಗ ಕಲ್ಲಿನ ಎಣಿಕೆ ಯಾರ ಗಮನದಲ್ಲೂ ಇರಲಿಲ್ಲ. ಎಚ್‌ಎಂಟಿ ವಾಚ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿದಾಗ ಆ 17 ಎಂಬ ಅಂಕಿ ಸಂಗ್ರಾಹಕರ ನೆನಪಾಗಿ ಉಳಿಯಿತು.

ಹಳೇ ಗಡಿಯಾರ ಕೊಳ್ಳುವವರಿಗೆ ಇಷ್ಟರಿಂದ ಆಗುವ ಪ್ರಯೋಜನವೇನು? ಹೊರಗಿನ ಅಂಕಿಯನ್ನು ನಂಬಬಾರದು. ಡಯಲು, ತಟ್ಟೆ, ಡಬ್ಬಿ ಮೂರೂ ಮೂರು ಗಡಿಯಾರದ್ದಾಗಿರುವುದು ನಮ್ಮ ಸಂತೆಗಳಲ್ಲಿ ದಿನನಿತ್ಯದ ಮಾತು. ಕಣ್ಣುಗಾಜು ಹಿಡಿದು ಪ್ರತಿ ಕಲ್ಲಿನ ನಡುವೆ ಪಿವಟ್‌ನ ತುದಿ ಕಾಣುತ್ತದೆಯೇ ನೋಡಬೇಕು. ಕಾಣದಿದ್ದರೆ ಅದು ಮುಚ್ಚಳದ ಕಲ್ಲೋ, ಬರೀ ಗಾಜೋ ಕೇಳಬೇಕು. ಬ್ಯಾಲೆನ್ಸ್ ಕಲ್ಲಿನಲ್ಲಿ ಸೀಳಿದ್ದರೆ ಉಳಿದ ಇಪ್ಪತ್ತು ಸರಿಯಿದ್ದರೂ ಪ್ರಯೋಜನವಿಲ್ಲ. ಸೀಳಿನ ಅಂಚು ಪಿವಟನ್ನು ಕತ್ತರಿಸುತ್ತ ಹೋಗುತ್ತದೆ. ಸಾಧ್ಯವಾದರೆ ಡಯಲು ತೆಗೆಸಿ ಆ ಕಡೆಯ ಕಲ್ಲುಗಳನ್ನೂ ಎಣಿಸಬೇಕು. ಅಂಗಡಿಯವರು ಗೊಣಗುತ್ತಾರೆ, ಗೊಣಗಲಿ. ಒಡೆದ ಕಲ್ಲಿನ ಜಾಗದಲ್ಲಿ ಹಿತ್ತಾಳೆಯ ಬುಷ್ ಹಾಕಿ ಮುಗಿಸಿದ ರಿಪೇರಿ ಹೆಚ್ಚಾಗಿ ಕಾಣುವುದು ಅಲ್ಲೇ, ಯಾರೂ ನೋಡದ ಕಡೆ. ಇನ್ನು ತಿಳಿಗುಲಾಬಿ ಕಲ್ಲುಗಳ ಸಾಲಿನಲ್ಲಿ ಒಂದು ಮಾತ್ರ ಕಡುಕೆಂಪಾಗಿದ್ದರೆ ಅದು ಯಾವುದೋ ಕಾಲದಲ್ಲಿ ಬದಲಿಸಿದ ಕೃತಕ ಕಲ್ಲು. ಓಟಕ್ಕೆ ಅದರಿಂದ ತೊಂದರೆಯಿಲ್ಲ, ಹಳೆಯದಕ್ಕಿಂತ ಚೆನ್ನಾಗಿಯೇ ದುಡಿಯುತ್ತಿರಬಹುದು. ಸಂಗ್ರಾಹಕರ ಲೆಕ್ಕದಲ್ಲಿ ಮಾತ್ರ ಅದು ಊನ, ಚೌಕಾಸಿಗೆ ಒಳ್ಳೆಯ ನೆಪ.